ಲಿವರ್ ಕಾಯಿಲೆ ಇದ್ದವರ ಕಿಡ್ನಿ ಬಗ್ಗೆ ರಕ್ತ ಪರೀಕ್ಷೆ ಏನು ಹೇಳುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಯಾರಿಗಾದರೂ ಸಿರೋಸಿಸ್ ಇದ್ದರೆ ಫೈಲು ದಪ್ಪ ಆಗುತ್ತಲೇ ಹೋಗುತ್ತದೆ. ಅದರೊಳಗಿನ ಅರ್ಧ ಹಾಳೆಗಳು ಕಿಡ್ನಿಗೆ ಸಂಬಂಧಪಟ್ಟವೇ. ಆ ಹಾಳೆಗಳನ್ನು ಓದುವಾಗ ಮನೆಯವರಿಗೆ ಬರುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಉದ್ದದ ಉತ್ತರ ಬೇಕು, ಕೆಲವಕ್ಕೆ ನಾಲ್ಕು ಸಾಲು ಸಾಕು. ಚಿಕಿತ್ಸೆಯ ತೀರ್ಮಾನ ನಿಮ್ಮ ಡಾಕ್ಟರದ್ದೇ. ಅವರ ಮುಂದೆ ಕೂತಾಗ ಏನು ಕೇಳಬೇಕು ಅನ್ನೋದು ಗೊತ್ತಿರಲಿ ಅಂತ ಇದನ್ನು ಬರೆದಿದ್ದೇನೆ.

ಕಾಯಿಲೆ ಇರುವುದು ಲಿವರ್‌ಗೆ. ಪ್ರತಿ ಸಲ ಕಿಡ್ನಿ ಟೆಸ್ಟ್ ಯಾಕೆ ಬರೆಯುತ್ತಾರೆ?

ಸಿರೋಸಿಸ್ ಬಂದರೆ ಲಿವರ್ ಗಟ್ಟಿಯಾಗುತ್ತದೆ. ಕರುಳಿನ ಕಡೆಯಿಂದ ಬರುವ ರಕ್ತ ಅದರೊಳಗೆ ಸಲೀಸಾಗಿ ನುಗ್ಗುವುದಿಲ್ಲ. ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರುತ್ತದೆ. ಆಗ ನೈಟ್ರಿಕ್ ಆಕ್ಸೈಡ್‌ನಂಥ ವಸ್ತುಗಳು ಜಾಸ್ತಿಯಾಗಿ ಹೊಟ್ಟೆಭಾಗದ ರಕ್ತನಾಳಗಳು ಹಿಗ್ಗಿಬಿಡುತ್ತವೆ, ರಕ್ತ ಅಲ್ಲೇ ಹರಡಿಕೊಳ್ಳುತ್ತದೆ. ಮೇಲಿನ ಗದ್ದೆಯವರೆಲ್ಲ ತೂಬು ತೆರೆದುಕೊಂಡರೆ ಕಾಲುವೆಯ ಕೊನೆಯ ರೈತನಿಗೆ ನೀರು ಸಿಗಲ್ಲ ಅಲ್ವಾ, ಕಿಡ್ನಿಯ ಪಾಡು ಅದೇ.

ರಕ್ತ ಕಡಿಮೆಯಾಗಿದೆ ಅಂದುಕೊಂಡು ದೇಹ ರೆನಿನ್, ಆಲ್ಡೋಸ್ಟಿರೋನ್, ವ್ಯಾಸೊಪ್ರೆಸಿನ್ ಹಾರ್ಮೋನುಗಳನ್ನು ಸುರಿಸುತ್ತದೆ. ಇವು ಉಪ್ಪು, ನೀರನ್ನು ಹಿಡಿದಿಡುತ್ತವೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕಾಲು ಊದುತ್ತದೆ. ಜೊತೆಗೆ ಕಿಡ್ನಿಯ ರಕ್ತನಾಳಗಳು ಬಿಗಿಯುತ್ತವೆ. ಇದು ಮಿತಿ ಮೀರಿದಾಗ ಬರುವ ಸ್ಥಿತಿಗೆ ಹೆಪಟೋರೀನಲ್ ಸಿಂಡ್ರೋಮ್ ಅನ್ನುತ್ತಾರೆ. ವಿಚಿತ್ರ ಅಂದರೆ ಇದರಲ್ಲಿ ಕಿಡ್ನಿಯ ಒಳರಚನೆಗೆ ಅಷ್ಟಾಗಿ ಏನೂ ಆಗಿರುವುದಿಲ್ಲ. ಹೊಸ ಲಿವರ್ ಸಿಕ್ಕಿದರೆ ಅದೇ ಕಿಡ್ನಿ ಎಷ್ಟೋ ಸಲ ಮತ್ತೆ ಕೆಲಸ ಶುರು ಮಾಡುತ್ತದೆ.

ಎಲ್ಲ ಕಿಡ್ನಿ ತೊಂದರೆಯೂ ಇದೇ ಅಲ್ಲ. ಭೇದಿ, ರಕ್ತವಾಂತಿ, ಸೋಂಕು, ನೀರು ಇಳಿಸುವ ಮಾತ್ರೆ ಜಾಸ್ತಿಯಾಗಿರುವುದು, ನೋವಿನ ಮಾತ್ರೆ, ಹಳೆಯ ಶುಗರ್, ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಹೀಗೆ ಕಾರಣಗಳು ಹಲವು. ಯಾವುದು ಅಂತ ಬೇಗ ಗೊತ್ತಾಗಬೇಕು. ಅದಕ್ಕೇ ಇಷ್ಟೊಂದು ಟೆಸ್ಟು.

ನಮ್ಮ ತಂದೆಯ ಕ್ರಿಯಾಟಿನಿನ್ 1.0 ಬಂದಿದೆ. ನಾರ್ಮಲ್ ಅಂತಲೇ ಇದೆ. ಕಿಡ್ನಿ ಚೆನ್ನಾಗಿದೆ ಅಂತ ತಾನೇ?

ಸಿರೋಸಿಸ್ ಇಲ್ಲದವರಿಗೆ ಬಹುಪಾಲು ಹೌದು. ಇದ್ದವರಿಗೆ ಹಾಗೆ ಹೇಳಲಾಗದು.

ಕ್ರಿಯಾಟಿನಿನ್ ಎಲ್ಲಿಂದ ಬರುತ್ತದೆ ನೋಡಿ. ಕ್ರಿಯಾಟಿನ್ ಅನ್ನೋ ವಸ್ತುವಿನ ತಯಾರಿಕೆಯ ಕೊನೆಯ ಹಂತ ನಡೆಯುವುದು ಲಿವರ್‌ನಲ್ಲಿ. ಅಲ್ಲಿಂದ ಅದು ಸ್ನಾಯುಗಳಿಗೆ ಹೋಗುತ್ತದೆ. ಸ್ನಾಯುವಿನಲ್ಲಿ ದಿನವೂ ಸ್ವಲ್ಪ ಸ್ವಲ್ಪ ಒಡೆದು ಕ್ರಿಯಾಟಿನಿನ್ ಆಗಿ ರಕ್ತಕ್ಕೆ ಸೇರುತ್ತದೆ, ಕಿಡ್ನಿ ಅದನ್ನು ಹೊರಹಾಕುತ್ತದೆ. ಸಿರೋಸಿಸ್‌ನಲ್ಲಿ ಲಿವರ್‌ನ ತಯಾರಿಕೆಯೂ ಕುಗ್ಗುತ್ತದೆ, ಸ್ನಾಯುವೂ ಕರಗುತ್ತದೆ. ಹೊಟ್ಟೆ ದೊಡ್ಡದು, ತೋಳು-ತೊಡೆ ಸಣ್ಣ, ಕೆನ್ನೆ ಒಳಗೆ ಹೋಗಿದೆ. ಈ ರೂಪವನ್ನು ನೀವು ಮನೆಯಲ್ಲೇ ನೋಡಿರುತ್ತೀರಿ. ಹುಟ್ಟುವುದೇ ಕಡಿಮೆಯಾದರೆ ರಕ್ತದಲ್ಲಿ ಕಾಣುವುದೂ ಕಡಿಮೆ. ಮೈಯಲ್ಲಿ ನೀರು ತುಂಬಿಕೊಂಡಿದ್ದರೆ ಇರುವುದೂ ತೆಳುವಾಗುತ್ತದೆ.

ಇನ್ನೊಂದು ತೊಡಕು ಲ್ಯಾಬಿನೊಳಗೆ. ಮ್ಯಾಕ್ಸ್ ಯಾಫೆ 1886ರಲ್ಲಿ ಕಂಡುಹಿಡಿದ ರಾಸಾಯನಿಕ ಕ್ರಿಯೆಯೇ ಇವತ್ತಿಗೂ ಎಷ್ಟೋ ಲ್ಯಾಬುಗಳಲ್ಲಿ ಕ್ರಿಯಾಟಿನಿನ್ ಅಳೆಯಲು ಬಳಕೆಯಲ್ಲಿದೆ. ಸೀರಮ್‌ಗೆ, ಅಂದರೆ ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿ ದ್ರವಕ್ಕೆ, ಕ್ಷಾರ ಮತ್ತು ಪಿಕ್ರಿಕ್ ಆಮ್ಲ ಬೆರೆಸಿದರೆ ಕಿತ್ತಳೆ ಬಣ್ಣ ಬರುತ್ತದೆ. ಬಣ್ಣ ಎಷ್ಟು ಗಾಢ ಅನ್ನುವುದರ ಮೇಲೆ ಕ್ರಿಯಾಟಿನಿನ್ ಎಷ್ಟು ಅಂತ ಲೆಕ್ಕ. ಆದರೆ ಜಾಂಡಿಸ್ ಜೋರಾಗಿ ಇರುವವರ ಸೀರಮ್ ಟ್ಯೂಬಿನಲ್ಲಿ ಮೊದಲೇ ಕಡು ಹಳದಿಯಾಗಿರುತ್ತದೆ. ಆ ಹಳದಿಗೆ ಕಾರಣವಾದ ಬಿಲಿರುಬಿನ್ ಈ ಲೆಕ್ಕಕ್ಕೆ ಅಡ್ಡ ಬಂದು ಕ್ರಿಯಾಟಿನಿನ್ ಇರುವುದಕ್ಕಿಂತ ಕಡಿಮೆ ತೋರಬಹುದು. ಎಂಜೈಮ್ ವಿಧಾನದಲ್ಲಿ ಈ ತೊಂದರೆ ಕಡಿಮೆ. ಬಿಲಿರುಬಿನ್ ತುಂಬಾ ಏರಿದ್ದರೆ ಲ್ಯಾಬಿನವರನ್ನು "ಯಾವ ವಿಧಾನ?" ಅಂತ ಕೇಳಿ. ತಪ್ಪೇನಿಲ್ಲ, ರಿಪೋರ್ಟಿನಲ್ಲೂ ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ಇಷ್ಟೆಲ್ಲ ಸೇರಿ, 1.0 ಅನ್ನುವ ಅಂಕಿಯ ಹಿಂದೆ ಅರ್ಧ ಕೆಲಸ ನಿಲ್ಲಿಸಿದ ಕಿಡ್ನಿ ಇರಬಹುದು.

ಹಾಗಾದರೆ ಎಷ್ಟಾದರೆ ಚಿಂತೆ ಮಾಡಬೇಕು?

ಅಂಕಿ ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಏರಿದೆ ಅನ್ನುವುದು ಮುಖ್ಯ. ಮೊದಲೆಲ್ಲ 1.5 ದಾಟಿದರೆ ಮಾತ್ರ ಕಿಡ್ನಿ ಕೆಟ್ಟಿತು ಅನ್ನುತ್ತಿದ್ದರು. 2015ರಲ್ಲಿ ಅಂತರರಾಷ್ಟ್ರೀಯ ಅಸೈಟಿಸ್ (ಹೊಟ್ಟೆಯಲ್ಲಿ ನೀರು ತುಂಬುವುದು) ಕ್ಲಬ್‌ನ ತಜ್ಞರು ಇದನ್ನು ಬದಲಿಸಿದರು. 48 ಗಂಟೆಯೊಳಗೆ 0.3 ಮಿಲಿಗ್ರಾಂ ಏರಿದರೂ ಸಾಕು, ಅಥವಾ 7 ದಿನದೊಳಗೆ ಹಿಂದಿನದಕ್ಕಿಂತ ಶೇ. 50ರಷ್ಟು ಏರಿದರೂ ಸಾಕು, ಅದು ಕಿಡ್ನಿಗೆ ದಿಢೀರ್ ಬಿದ್ದ ಪೆಟ್ಟು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸೋಮವಾರ 0.6, ಶುಕ್ರವಾರ 1.1. ಲ್ಯಾಬಿನ ಮಿತಿ 0.7ರಿಂದ 1.3. ಶುಕ್ರವಾರದ ರಿಪೋರ್ಟಿನಲ್ಲಿ ದಪ್ಪ ಅಕ್ಷರ ಇಲ್ಲ, ನಕ್ಷತ್ರ ಗುರುತಿಲ್ಲ, ಕೆಂಪು ಬಣ್ಣ ಇಲ್ಲ. ಕಂಪ್ಯೂಟರಿನ ಕಣ್ಣಿಗೆ ಬೇಜಾನ್ ನಾರ್ಮಲ್. ಆದರೆ ಏರಿಕೆ ಶೇ. 80ಕ್ಕಿಂತ ಜಾಸ್ತಿ. ಇದು ಮೊದಲ ಹಂತದ ಕಿಡ್ನಿ ಪೆಟ್ಟು. ಅವತ್ತೇ ಡಾಕ್ಟರಿಗೆ ತಿಳಿಸಬೇಕಾದದ್ದು. ಹಿಂದಿನದರ ಎರಡರಷ್ಟು ದಾಟಿದರೆ ಎರಡನೇ ಹಂತ, ಮೂರರಷ್ಟು ದಾಟಿದರೆ ಮೂರನೇ ಹಂತ.

ಹಳೆಯ ರಿಪೋರ್ಟನ್ನು ಬಿಸಾಡಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಚೆನ್ನಾಗಿದ್ದ ದಿನಗಳಲ್ಲಿ ಕ್ರಿಯಾಟಿನಿನ್ ಎಷ್ಟಿತ್ತು ಅನ್ನುವುದು ಗೊತ್ತಿಲ್ಲದೆ ಇವತ್ತಿನ ಅಂಕಿಗೆ ಅರ್ಥವೇ ಇಲ್ಲ. ಫೈಲಿನ ಮೊದಲ ಪುಟದಲ್ಲಿ ಒಂದು ಹಾಳೆ ಅಂಟಿಸಿ, ತಾರೀಕು ಮತ್ತು ಕ್ರಿಯಾಟಿನಿನ್ ಮಾತ್ರ ಬರೆಯುತ್ತಾ ಹೋಗಿ. ರಾತ್ರಿ ಹೊತ್ತು ಎಮರ್ಜೆನ್ಸಿಗೆ ಹೋದಾಗ ಅಲ್ಲಿನ ಡ್ಯೂಟಿ ಡಾಕ್ಟರಿಗೆ ಇಡೀ ಫೈಲಿಗಿಂತ ಆ ಒಂದು ಹಾಳೆ ಉಪಯೋಗಕ್ಕೆ ಬರುತ್ತದೆ. ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ.

ಸಿಸ್ಟಾಟಿನ್ ಸಿ ಅಂತ ಹೊಸ ಟೆಸ್ಟ್ ಬರೆದಿದ್ದಾರೆ. ದುಡ್ಡು ಜಾಸ್ತಿ. ಬೇಕಾ?

ಸ್ನಾಯು ಕರಗಿದವರಿಗೆ ಬೇಕು ಅನ್ನುವುದು ನನ್ನ ಅಭಿಪ್ರಾಯ. ಸಿಸ್ಟಾಟಿನ್ ಸಿ ಒಂದು ಪುಟ್ಟ ಪ್ರೋಟೀನು. ದೇಹದ ಹೆಚ್ಚುಕಮ್ಮಿ ಎಲ್ಲ ಜೀವಕೋಶಗಳೂ ಅದನ್ನು ಒಂದೇ ಸಮನೆ ತಯಾರಿಸುತ್ತವೆ. ಸ್ನಾಯು ಎಷ್ಟಿದೆ, ಮಾಂಸ ತಿಂದರಾ, ಇವುಗಳ ಗೊಡವೆ ಅದಕ್ಕಿಲ್ಲ. ಕಿಡ್ನಿಯ ಸೋಸುವ ಶಕ್ತಿ ಕುಗ್ಗಿದರೆ ರಕ್ತದಲ್ಲಿ ಏರುತ್ತದೆ.

ಎರಡಕ್ಕೂ ವ್ಯತ್ಯಾಸ ಎಷ್ಟಿರಬಹುದು ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. 52 ವರ್ಷದ ಗಂಡಸು, ಕ್ರಿಯಾಟಿನಿನ್ 0.7. ಈಗ ಲ್ಯಾಬುಗಳು ಬಳಸುವ 2021ರ ಸಿಕೆಡಿ-ಎಪಿ ಸೂತ್ರಕ್ಕೆ ಹಾಕಿದರೆ ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗದ ಅಂದಾಜು) ಸುಮಾರು 110 ಬರುತ್ತದೆ, ಅಂದರೆ ಹುಡುಗರ ಕಿಡ್ನಿ. ಅದೇ ಮನುಷ್ಯನ ಸಿಸ್ಟಾಟಿನ್ ಸಿ 1.5 ಇದ್ದರೆ ಅದರ 2012ರ ಸೂತ್ರದ ಪ್ರಕಾರ ಇಜಿಎಫ್‌ಆರ್ 47ರ ಹತ್ತಿರ. ಒಂದೇ ದಿನ, ಒಂದೇ ರಕ್ತ. ಆಂಟಿಬಯಾಟಿಕ್‌ನ ಡೋಸ್ ಯಾವ ಅಂಕಿ ನೋಡಿ ನಿರ್ಧರಿಸಬೇಕು, ಕಾಂಟ್ರಾಸ್ಟ್ ಹಾಕಿ ಸಿಟಿ ಸ್ಕ್ಯಾನ್ ಮಾಡಬೇಕಾ, ನೀರು ಇಳಿಸುವ ಮಾತ್ರೆ ಏರಿಸಬೇಕಾ, ಎಲ್ಲವೂ ಇದರ ಮೇಲೆ ನಿಂತಿದೆ.

ಹಾಗಂತ ಇದೇನೂ ಪಕ್ಕಾ ಅಲ್ಲ. ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರೆ, ಥೈರಾಯ್ಡ್ ಏರುಪೇರಾಗಿದ್ದರೆ, ಉರಿಯೂತ ಜೋರಾಗಿದ್ದರೆ, ಬೀಡಿ ಸಿಗರೇಟು ಇದ್ದರೆ ಸಿಸ್ಟಾಟಿನ್ ಸಿ ಕೂಡ ದಾರಿ ತಪ್ಪಿಸುತ್ತದೆ. ಆದ್ದರಿಂದ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಸೂತ್ರವೇ ಸದ್ಯಕ್ಕೆ ವಾಸಿ. ಆಸ್ಪತ್ರೆಯಲ್ಲಿ ಮಲಗಿದವರಿಗೆ ದಿನಾ ಮಾಡಿಸುವ ಟೆಸ್ಟ್ ಇದಲ್ಲ. ಸ್ಥಿತಿ ಶಾಂತವಾಗಿರುವಾಗ ಒಮ್ಮೆ ಮಾಡಿಸಿದರೆ ನಿಜವಾದ ತಳಮಟ್ಟ ಗೊತ್ತಾಗುತ್ತದೆ.

ಯೂರಿಯಾ ಕಡಿಮೆ ಬಂದಿದೆ. ಒಳ್ಳೆಯದೇ ಅಲ್ವಾ?

ಯೂರಿಯಾ ತಯಾರಾಗುವುದೇ ಲಿವರ್‌ನಲ್ಲಿ. ಲಿವರ್ ಸೋತರೆ, ಊಟ ಸೇರದಿದ್ದರೆ ಅದು ತಾನಾಗಿಯೇ ಕಡಿಮೆ ಇರುತ್ತದೆ. ಅದನ್ನು ಕಿಡ್ನಿಯ ಖಾತೆಗೆ ಹಾಕಬೇಡಿ. ಇದ್ದಕ್ಕಿದ್ದಂತೆ ಯೂರಿಯಾ ಒಂದೇ ಏರಿದರೆ, ಮಲ ಟಾರಿನ ಹಾಗೆ ಕಪ್ಪಗಿದ್ದರೆ, ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಸೋಡಿಯಂ 126 ಇದೆ. ಊಟಕ್ಕೆ ಉಪ್ಪು ಜಾಸ್ತಿ ಹಾಕೋಣವಾ?

ಬೇಡವೇ ಬೇಡ. ಇಲ್ಲಿ ಕೊರತೆ ಇರುವುದು ಉಪ್ಪಿಗಲ್ಲ, ನೀರು ಜಾಸ್ತಿಯಾಗಿ ಸೋಡಿಯಂ ತೆಳುವಾಗಿದೆ. ಉಪ್ಪು ಸುರಿದರೆ ಹೊಟ್ಟೆ ಇನ್ನಷ್ಟು ಊದುತ್ತದೆ.

ಹೊಟ್ಟೆಯಲ್ಲಿ ನೀರು ಇರುವವರ ಸೋಡಿಯಂ 130ಕ್ಕಿಂತ ಕೆಳಗೆ ಬಂದರೆ ಅದು ಎಚ್ಚರಿಕೆಯ ಗಂಟೆ. ವ್ಯಾಸೊಪ್ರೆಸಿನ್ ಎಷ್ಟು ಕೆಲಸ ಮಾಡುತ್ತಿದೆ, ರಕ್ತಸಂಚಾರ ಎಷ್ಟು ಹದಗೆಟ್ಟಿದೆ ಅನ್ನುವುದರ ಕನ್ನಡಿ ಅದು. ಇಂಥವರಿಗೆ ಮುಂದೆ ಹೆಪಟೋರೀನಲ್ ಸಿಂಡ್ರೋಮ್ ಬರುವ ಸಾಧ್ಯತೆ ಜಾಸ್ತಿ. ಎಲ್ಲ ಕಡೆ ಸಿಗುವ, ಅಗ್ಗದ ಟೆಸ್ಟು. ಕಿಡ್ನಿಯ ಮುನ್ಸೂಚನೆ ಕೊಡುವುದರಲ್ಲಿ ಇದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಅಂತ ನನಗನ್ನಿಸುತ್ತದೆ. 125ಕ್ಕಿಂತ ಕೆಳಗೆ ಹೋದರೆ ಡಾಕ್ಟರು ಸಾಮಾನ್ಯವಾಗಿ ನೀರು ಇಳಿಸುವ ಮಾತ್ರೆ ನಿಲ್ಲಿಸಿ, ಕುಡಿಯುವ ನೀರಿಗೂ ಮಿತಿ ಹಾಕುತ್ತಾರೆ.

ಉಪ್ಪು ದಿನಕ್ಕೆ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಆ ಲೆಕ್ಕಕ್ಕೇ ಸೇರುತ್ತದೆ.

ಮೆಲ್ಡ್ ಸ್ಕೋರ್ ಅಂದರೇನು? ಅದರಲ್ಲಿ ಕಿಡ್ನಿ ಯಾಕೆ ಬರುತ್ತದೆ?

ಮುಂದಿನ ಮೂರು ತಿಂಗಳಲ್ಲಿ ಜೀವಕ್ಕೆ ಎಷ್ಟು ಅಪಾಯ ಅಂತ ಅಂದಾಜು ಮಾಡುವ ಸ್ಕೋರ್ ಇದು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಹುಟ್ಟಿದ್ದು. 2002ರಿಂದ ಅಲ್ಲಿ ಲಿವರ್ ಕಸಿಗೆ ಯಾರು ಮೊದಲು ಅಂತ ನಿರ್ಧರಿಸಲು ಬಳಸುತ್ತಿದ್ದಾರೆ. ನಮ್ಮ ಲಿವರ್ ತಜ್ಞರೂ ಕಾಯಿಲೆಯ ಗಂಭೀರತೆ ಅಳೆಯಲು ಇದನ್ನೇ ನೋಡುತ್ತಾರೆ. ಮೊದಲು ಇದ್ದದ್ದು ಬಿಲಿರುಬಿನ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಅನ್ನುವ ಅಳತೆ), ಕ್ರಿಯಾಟಿನಿನ್ ಮೂರೇ. 2016ರಲ್ಲಿ ಸೋಡಿಯಂ ಸೇರಿತು. 2023ರಲ್ಲಿ ಜಾರಿಗೆ ಬಂದ ಮೆಲ್ಡ್ 3.0ಕ್ಕೆ ಲಿವರ್ ತಯಾರಿಸುವ ರಕ್ತದ ಪ್ರೋಟೀನು ಅಲ್ಬುಮಿನ್ ಕೂಡ ಸೇರಿದೆ.

ಮೂಲ ಸೂತ್ರದಲ್ಲಿ ಕ್ರಿಯಾಟಿನಿನ್ 1ರಿಂದ 2 ಆದರೆ ಅದೊಂದಕ್ಕೇ ಆರೂವರೆ ಅಂಕ ಏರುತ್ತದೆ. ಅಷ್ಟು ತೂಕ ಅದಕ್ಕೆ. ಆದರೆ ಇಲ್ಲೊಂದು ಓರೆ ಇದೆ. 1ಕ್ಕಿಂತ ಕಡಿಮೆ ಇರುವುದನ್ನೆಲ್ಲ ಸೂತ್ರ 1 ಅಂತಲೇ ಎಣಿಸುತ್ತದೆ. ಅಂದರೆ 0.5ರಿಂದ 1.0ಕ್ಕೆ ಹೋಗಿ ಕಿಡ್ನಿಯ ಅರ್ಧ ಶಕ್ತಿ ಕುಸಿದರೂ ಮೆಲ್ಡ್ ಒಂದು ಅಂಕವೂ ಅಲುಗುವುದಿಲ್ಲ. ಇದರಿಂದ ಜಾಸ್ತಿ ಪೆಟ್ಟು ತಿಂದವರು ಹೆಂಗಸರು. ಅವರ ಸ್ನಾಯು ಮೊದಲೇ ಕಡಿಮೆ, ಕ್ರಿಯಾಟಿನಿನ್ ಕಡಿಮೆ, ಸ್ಕೋರೂ ಕಡಿಮೆ, ಸರದಿಯಲ್ಲಿ ಹಿಂದೆ. ಈ ಅನ್ಯಾಯ ಸರಿಪಡಿಸಲು ಮೆಲ್ಡ್ 3.0ರಲ್ಲಿ ಹೆಂಗಸರಿಗೆ 1.33 ಅಂಕ ಸೇರಿಸಿದ್ದಾರೆ. ತಡವಾಗಿಯಾದರೂ ಆಯಿತು.

ಹೆಪಟೋರೀನಲ್ ಸಿಂಡ್ರೋಮಾ, ಕಿಡ್ನಿಗೇ ಏಟು ಬಿದ್ದಿದೆಯಾ ಅಂತ ರಕ್ತದಿಂದ ಗೊತ್ತಾಗುತ್ತದಾ?

ರಕ್ತ ಒಂದರಿಂದಲೇ ಕಷ್ಟ. ಎರಡರಲ್ಲೂ ಕ್ರಿಯಾಟಿನಿನ್ ಏರುತ್ತದೆ. ಈ ಪ್ರಶ್ನೆಗೆ ಉತ್ತರ ಜಾಸ್ತಿ ಸಿಗುವುದು ಮೂತ್ರದಲ್ಲಿ. ಕಿಡ್ನಿಯ ನಾಳಗಳಿಗೆ ಏಟು ಬಿದ್ದಾಗ ಎನ್‌ಗ್ಯಾಲ್ ಅನ್ನುವ ಪ್ರೋಟೀನು ಮೂತ್ರದಲ್ಲಿ ವಿಪರೀತ ಏರುತ್ತದೆ. ಹೆಪಟೋರೀನಲ್ ಸಿಂಡ್ರೋಮಿನಲ್ಲಿ ಅಷ್ಟು ಏರುವುದಿಲ್ಲ. ಬಾರ್ಸಿಲೋನಾದ ತಂಡವೊಂದು ಅಲ್ಬುಮಿನ್ ಕೊಟ್ಟ ಮೇಲೆ ಮೂರನೇ ದಿನ ಅಳೆದು, ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ 220 ಮೈಕ್ರೋಗ್ರಾಂ ಅನ್ನುವ ಗಡಿ ಹಾಕಿತು. ಅದಕ್ಕಿಂತ ಮೇಲಿದ್ದರೆ ನಾಳಗಳಿಗೇ ಏಟು ಅನ್ನುವ ಕಡೆ ವಾಲಬೇಕು.

ರಕ್ತದಲ್ಲೂ ಎನ್‌ಗ್ಯಾಲ್ ಅಳೆಯಬಹುದು. ಆದರೆ ಬಿಳಿ ರಕ್ತಕಣಗಳೂ ಅದನ್ನು ಸುರಿಸುತ್ತವೆ. ಸೋಂಕು ಇದ್ದರೆ ಏರಿಯೇ ಇರುತ್ತದೆ. ಸಿರೋಸಿಸ್‌ನವರಿಗೆ ಸೋಂಕು ಬರುವುದು ಮಾಮೂಲಿ, ಆಗ ಆ ಅಂಕಿಯನ್ನು ಏನಂತ ಓದುವುದು?

ಸೋಂಕಿಗೂ ಕಿಡ್ನಿಗೂ ಏನು ಸಂಬಂಧ?

ತುಂಬಾ ಹತ್ತಿರದ ಸಂಬಂಧ. ಹೊಟ್ಟೆಯ ನೀರಿಗೆ ತಾನಾಗಿಯೇ ಸೋಂಕು ತಗುಲುವುದುಂಟು. ಸೂಜಿ ಹಾಕಿ ನೀರು ತೆಗೆದು, ಅದರಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಒಂದು ಘನ ಮಿಲಿಮೀಟರಿಗೆ 250 ದಾಟಿವೆಯಾ ಅಂತ ನೋಡುತ್ತಾರೆ. ಇಂಥ ಸೋಂಕು ಬಂದವರಿಗೆ ಆಂಟಿಬಯಾಟಿಕ್ ಒಂದನ್ನೇ ಕೊಟ್ಟರೆ ಮೂವರಲ್ಲಿ ಒಬ್ಬರ ಕಿಡ್ನಿ ಕೆಡುತ್ತಿತ್ತು. ಜೊತೆಗೆ ಅಲ್ಬುಮಿನ್ ಕೊಟ್ಟಾಗ ಅದು ಹತ್ತರಲ್ಲಿ ಒಬ್ಬರಿಗೆ ಇಳಿಯಿತು ಅಂತ 1999ರ ಸ್ಪೇನಿನ ಅಧ್ಯಯನ ತೋರಿಸಿತು. ಮೊದಲ ದಿನ ಕೆಜಿ ತೂಕಕ್ಕೆ 1.5 ಗ್ರಾಂ, ಮೂರನೇ ದಿನ 1 ಗ್ರಾಂ ಅನ್ನುವ ಲೆಕ್ಕ ಅಲ್ಲಿಂದಲೇ ಬಂದದ್ದು. ಆ ಪುಟ್ಟ ಬಾಟಲಿ ಯಾಕಿಷ್ಟು ದುಬಾರಿ, ಯಾಕೆ ತರಲೇಬೇಕು ಅಂತ ಫಾರ್ಮಸಿ ಮುಂದೆ ನಿಂತು ಯೋಚಿಸುವವರಿಗೆ ಇದು ಗೊತ್ತಿರಲಿ.

ಈ ಸೋಂಕಿನ ಹೊತ್ತಿನಲ್ಲಿ ಬಿಲಿರುಬಿನ್ 4 ದಾಟಿದ್ದರೆ ಅಥವಾ ಕ್ರಿಯಾಟಿನಿನ್ 1 ದಾಟಿದ್ದರೆ ಕಿಡ್ನಿಗೆ ಅಪಾಯ ಜಾಸ್ತಿ.

ಟರ್ಲಿಪ್ರೆಸಿನ್ ಶುರು ಮಾಡಿದ್ದಾರೆ. ಕೆಲಸ ಮಾಡುತ್ತದಾ ಅಂತ ಮೊದಲೇ ತಿಳಿಯಬಹುದಾ?

ಸ್ವಲ್ಪ ಮಟ್ಟಿಗೆ. ಇದು ಹೊಟ್ಟೆಭಾಗದ ಹಿಗ್ಗಿದ ರಕ್ತನಾಳಗಳನ್ನು ಬಿಗಿ ಮಾಡಿ ಕಿಡ್ನಿಗೆ ರಕ್ತ ಸಿಗುವಂತೆ ಮಾಡುವ ಔಷಧಿ. ಶುರು ಮಾಡುವಾಗ ಕ್ರಿಯಾಟಿನಿನ್ ಎಷ್ಟು ಕಡಿಮೆ ಇದೆಯೋ ಅಷ್ಟು ಒಳ್ಳೆಯದು. 5 ದಾಟಿದ ಮೇಲೆ ಲಾಭ ಸಿಗುವುದು ಕಷ್ಟ. ಬಿಲಿರುಬಿನ್ 10ಕ್ಕಿಂತ ಕೆಳಗಿದ್ದರೆ, ಮೂರನೇ ದಿನದ ಹೊತ್ತಿಗೆ ರಕ್ತದೊತ್ತಡ ಸ್ವಲ್ಪ ಏರಿದ್ದರೆ ಅದು ಶುಭಸೂಚನೆ. ನಾಲ್ಕನೇ ದಿನದ ಕ್ರಿಯಾಟಿನಿನ್ ನೋಡಿ ಡೋಸ್ ಏರಿಸಬೇಕಾ, ನಿಲ್ಲಿಸಬೇಕಾ ಅಂತ ತೀರ್ಮಾನ ಮಾಡುತ್ತಾರೆ.

2021ರಲ್ಲಿ ಪ್ರಕಟವಾದ ಕನ್ಫರ್ಮ್ ಎಂಬ ಅಧ್ಯಯನದಲ್ಲಿ ಇದನ್ನು ಪಡೆದ ಶೇ. 32 ಜನರ ಕಿಡ್ನಿ ಚೇತರಿಸಿಕೊಂಡಿತು. ಔಷಧಿಯಿಲ್ಲದ ಗುಂಪಿನಲ್ಲಿ ಶೇ. 17. ಆದರೆ ಉಸಿರಾಟದ ತೊಂದರೆಯಿಂದ ಸತ್ತವರೂ ಔಷಧಿ ಪಡೆದ ಗುಂಪಿನಲ್ಲೇ ಜಾಸ್ತಿ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಬಿಟ್ಟಿರುವುದು ಸುಮ್ನೆ ಅಲ್ಲ.

ಬೆನ್ನುನೋವು, ಮಂಡಿನೋವಿಗೆ ಮೆಡಿಕಲ್ ಸ್ಟೋರಿನ ಮಾತ್ರೆ ತಗೋಬಹುದಾ? ನಾಟಿ ಔಷಧಿ?

ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಮುಟ್ಟಬೇಡಿ. ಬಿಗಿದ ರಕ್ತನಾಳಗಳನ್ನು ಸ್ವಲ್ಪವಾದರೂ ತೆರೆದಿಡುವ ಪ್ರೋಸ್ಟಾಗ್ಲಾಂಡಿನ್‌ಗಳನ್ನೇ ಇವು ತಡೆಯುತ್ತವೆ. ಎರಡು ಮೂರು ಮಾತ್ರೆಗೇ ಮೂತ್ರ ಕಡಿಮೆಯಾದವರಿದ್ದಾರೆ. ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಒಳಗೆ, ಅದೂ ಡಾಕ್ಟರನ್ನು ಕೇಳಿ. ನಾಟಿ ಔಷಧಿ, ಕಷಾಯದ ಬಗ್ಗೆ ನೇರವಾಗಿ ಹೇಳುತ್ತೇನೆ, ಬೇಡ. ಮನೆಯಂಗಳದ ಅಮೃತಬಳ್ಳಿಯಿಂದಲೂ ಲಿವರ್ ಕೆಟ್ಟ ಪ್ರಕರಣಗಳನ್ನು ನಮ್ಮ ದೇಶದ ಡಾಕ್ಟರುಗಳೇ ವರದಿ ಮಾಡಿದ್ದಾರೆ.

ಡಯಾಲಿಸಿಸ್ ನಡೆಯುತ್ತಿದೆ. ಲಿವರ್ ಕಸಿ ಆದರೆ ಕಿಡ್ನಿ ತಾನಾಗಿಯೇ ಸರಿಹೋಗುತ್ತದಾ, ಕಿಡ್ನಿಯನ್ನೂ ಹಾಕಿಸಬೇಕಾ?

ಇಡೀ ವಿಷಯದಲ್ಲಿ ಅತಿ ಕಷ್ಟದ ಪ್ರಶ್ನೆ ಇದೇ. ಸುಮ್ಮನೆ ಕಿಡ್ನಿಯನ್ನೂ ಹಾಕಿದರೆ, ಅದಕ್ಕಾಗಿ ವರ್ಷಗಟ್ಟಲೆ ಕಾದಿರುವ ಇನ್ನೊಬ್ಬರಿಗೆ ತಪ್ಪುತ್ತದೆ. ಹಾಕದೆ ಬಿಟ್ಟು, ಹಳೆಯ ಕಿಡ್ನಿ ಏಳದಿದ್ದರೆ ಹೊಸ ಲಿವರ್ ಇಟ್ಟುಕೊಂಡು ಡಯಾಲಿಸಿಸ್.

ಅಮೆರಿಕದಲ್ಲಿ 2017ರಲ್ಲಿ ಇದಕ್ಕೊಂದು ನಿಯಮ ಬಂತು. ದಿಢೀರ್ ಕೆಟ್ಟ ಕಿಡ್ನಿಯಾದರೆ ಸತತ 6 ವಾರ ಡಯಾಲಿಸಿಸ್ ಆಗಿರಬೇಕು ಅಥವಾ ಅಷ್ಟು ಕಾಲ ಜಿಎಫ್‌ಆರ್ 25ರ ಮೇಲೆ ಏರಿರಬಾರದು. ಆಗ ಎರಡೂ ಅಂಗ ಒಟ್ಟಿಗೆ. ಲಿವರ್ ಒಂದನ್ನೇ ಪಡೆದವರ ಕಿಡ್ನಿ ಆಮೇಲೂ ಏಳದಿದ್ದರೆ, ಕಸಿಯಾದ 60 ದಿನದಿಂದ ಒಂದು ವರ್ಷದೊಳಗೆ ಅವರಿಗೆ ಕಿಡ್ನಿಗೆ ಆದ್ಯತೆ. ಒಳ್ಳೆಯ ಯೋಚನೆ, ಆದರೆ 6 ವಾರ ಅನ್ನುವುದು ಕ್ಯಾಲೆಂಡರಿನ ಲೆಕ್ಕ, ಕಿಡ್ನಿಯ ಲೆಕ್ಕ ಅಲ್ಲ.

ಇಲ್ಲಿ ರಕ್ತ ಪರೀಕ್ಷೆಯೇ ನೆರವಿಗೆ ಬರಬಹುದಾ ಅಂತ ಹುಡುಕಾಟ ನಡೆದಿದೆ. ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಾಶ್ ಲೆವಿಟ್ಸ್ಕಿ ಮತ್ತು ಸಂಗಡಿಗರು 2014ರಲ್ಲಿ ಎರಡು ಪ್ರೋಟೀನುಗಳನ್ನು ಮುಂದಿಟ್ಟರು, ಆಸ್ಟಿಯೊಪಾಂಟಿನ್ ಮತ್ತು ಟಿಂಪ್-1. ಕಸಿಗೆ ಮೊದಲಿನ ರಕ್ತದಲ್ಲಿ ಇವೆರಡರ ಮಟ್ಟ, ಜೊತೆಗೆ ವಯಸ್ಸು ಮತ್ತು ಶುಗರ್ ಇದೆಯಾ ಇಲ್ಲವಾ ಅನ್ನುವುದನ್ನು ಸೇರಿಸಿದರೆ ಯಾರ ಕಿಡ್ನಿ ಮರಳಿ ಏಳುತ್ತದೆ ಅಂತ ಬರೀ ವೈದ್ಯಕೀಯ ಲೆಕ್ಕಕ್ಕಿಂತ ಚೆನ್ನಾಗಿ ಊಹಿಸಬಹುದು ಅಂತ ತೋರಿಸಿದರು. ಸಾಮಾನ್ಯ ಲ್ಯಾಬಿನ ಪಟ್ಟಿಯಲ್ಲಿ ಇವು ಸಿಗುವುದಿಲ್ಲ, ಹುಡುಕಿಕೊಂಡು ಅಲೆಯಬೇಡಿ. ಸದ್ಯಕ್ಕೆ ತೀರ್ಮಾನಕ್ಕೆ ಆಧಾರ ಡಯಾಲಿಸಿಸ್ ಎಷ್ಟು ದಿನ ಆಯಿತು, ವಯಸ್ಸು, ಶುಗರ್, ಮೊದಲೇ ಕಿಡ್ನಿ ಕಾಯಿಲೆ ಇತ್ತಾ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತಾ, ಸ್ಕ್ಯಾನಿನಲ್ಲಿ ಕಿಡ್ನಿ ಕುಗ್ಗಿದೆಯಾ ಅನ್ನುವವೇ.

ಕಸಿ ಆಗಿ ವರ್ಷಗಳಾದವು. ಲಿವರ್ ಚೆನ್ನಾಗಿದೆ, ಕ್ರಿಯಾಟಿನಿನ್ ಮಾತ್ರ 1.4ಕ್ಕೆ ಬಂದು ನಿಂತಿದೆ.

ಇದನ್ನು ಹಗುರವಾಗಿ ತಗೋಬೇಡಿ. 2003ರ ದೊಡ್ಡ ಅಮೆರಿಕನ್ ಅಧ್ಯಯನವೊಂದರಲ್ಲಿ ಲಿವರ್ ಕಸಿಯಾದ ಐದು ವರ್ಷದೊಳಗೆ ಶೇ. 18ರಷ್ಟು ಜನರ ಕಿಡ್ನಿ ತೀವ್ರವಾಗಿ ಕೆಟ್ಟಿತ್ತು. ಮುಖ್ಯ ಕಾರಣಗಳಲ್ಲಿ ಒಂದು, ಲಿವರನ್ನು ಕಾಪಾಡುವ ಔಷಧಿಯೇ. ಟ್ಯಾಕ್ರೊಲಿಮಸ್, ಸೈಕ್ಲೋಸ್ಪೋರಿನ್ ಕಿಡ್ನಿಗೆ ರಕ್ತ ತರುವ ನಾಳವನ್ನು ಬಿಗಿ ಮಾಡುತ್ತವೆ. ಬಿಪಿ, ಶುಗರ್ ಸೇರಿದರೆ ಇನ್ನೂ ಬೇಗ.

ಲೆವಿಟ್ಸ್ಕಿ ಅವರ ತಂಡವೇ 2020ರಲ್ಲಿ ಬೀಟಾ-2 ಮೈಕ್ರೊಗ್ಲೋಬ್ಯುಲಿನ್ ಮತ್ತು ಸಿಡಿ40 ಅನ್ನುವ ಎರಡು ರಕ್ತಸೂಚಕಗಳನ್ನು ಬಳಸಿ, ಯಾರ ಕಿಡ್ನಿ ಮುಂದೆ ಕುಸಿಯುತ್ತದೆ ಅಂತ ಮೊದಲೇ ಗುರುತಿಸುವ ಮಾದರಿ ತಂದಿತು. ಉದ್ದೇಶ ಸರಳ. ಕುಸಿಯುವವರು ಯಾರು ಅಂತ ಮೊದಲೇ ಗೊತ್ತಾದರೆ ಅವರಿಗೆ ಟ್ಯಾಕ್ರೊಲಿಮಸ್ ಇಳಿಸಿ, ಎವೆರೊಲಿಮಸ್ ಅಥವಾ ಮೈಕೊಫೆನೊಲೇಟ್ ಸೇರಿಸಬಹುದು. ಕ್ರಿಯಾಟಿನಿನ್ 2 ದಾಟಿದ ಮೇಲೆ ಇಳಿಸಿದರೆ ಅಷ್ಟು ಲಾಭವಿಲ್ಲ.

1.4ರಲ್ಲಿ ನಿಂತಿರುವ ನೀವು ಈಗ ಕೇಳಬೇಕಾದದ್ದು: ಸಿಸ್ಟಾಟಿನ್ ಸಿ ಒಮ್ಮೆ ನೋಡೋಣವಾ, ಮೂತ್ರದ ಅಲ್ಬುಮಿನ್ ಮಾಡಿಸೋಣವಾ, ಟ್ಯಾಕ್ರೊಲಿಮಸ್ ಇಳಿಸಲು ಸಾಧ್ಯವಾ. ನೀವಾಗಿಯೇ ಮಾತ್ರೆ ಕಡಿಮೆ ಮಾಡಬೇಡಿ. ಮತ್ತೆ, ಟ್ಯಾಕ್ರೊಲಿಮಸ್ ಮಟ್ಟ ನೋಡುವ ದಿನ ಬೆಳಗಿನ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಬೇಕು. ನುಂಗಿ ಹೋದರೆ ಮಟ್ಟ ಸುಳ್ಳೇ ಜಾಸ್ತಿ ಬರುತ್ತದೆ, ಡೋಸ್ ತಪ್ಪಾಗಿ ಇಳಿಯುತ್ತದೆ. ಮಾತ್ರೆ ಜೇಬಿನಲ್ಲಿಟ್ಟುಕೊಂಡು ಲ್ಯಾಬಿಗೆ ಹೋಗಿ, ರಕ್ತ ಕೊಟ್ಟು ಆಮೇಲೆ ನುಂಗಿ.